ಭಂಡಾರ ಮುಟ್ಟಿ ಕೊಟ್ಟ ಮೊದಲ ಸ್ಥಾನ

ಗೆಳೆಯರೇ, ಕೈಗೆ ಇನ್ನೂ ಅರಿಶಿನ ಮೆತ್ತಿದೆ. ಇವತ್ತು ಮಧ್ಯಾಹ್ನ ಯೆಣೆಗೂರಿನ ಢಾಬಾದಲ್ಲಿ ನಾವು ಮೂವರು ಗೆಳೆಯರು ತೊಂಬತ್ತರ ದಶಕದ ಸಿನಿಮಾಗಳಿಗೆ ಸ್ಥಾನ ಹಂಚುತ್ತಿದ್ದೆವು. ಅಣ್ಣ-ತಂಗಿಯ ಸಿನಿಮಾಕ್ಕೇ ಮೊದಲ ಸ್ಥಾನ ಎಂದೆ ನಾನು.

ದಿಲೀಪ ನಕ್ಕುಬಿಟ್ಟ. "ಖೋಟಂ ಬೋಲೂ ನಕೋ ರೇ, ಸುಳ್ಳ ಹೇಳಬ್ಯಾಡ! ನೀ ಹಾವಿನ ಸಿನಿಮಾಕ್ಕ ಓಡಿ ಓಡಿ ಹೋಗ್ತಿದ್ದಿ."

ಕುರಿ ಸಾಕುವ ಮಾಳಪ್ಪ ಬೀರಪ್ಪನ ಭಕ್ತ. ಜೇಬಿನಿಂದ ಭಂಡಾರದ ಚೀಲ ತೆಗೆದು ಟೇಬಲ್ ಮೇಲಿಟ್ಟ. ದೇವರ ಆ ಅರಿಶಿನ ಮುಟ್ಟಿ ಸುಳ್ಳು ಹೇಳಿದರೆ ಮನೆಯ ದನಕರುಗಳಿಗೆ ಕೇಡು ಎನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು.

"ಮುಟ್ಟಿ ಹೇಳಪಾ, ಯಾವ್ದು ಮೊದಲ?" ಎಂದ ಮಾಳಪ್ಪ.

ಮನೆಯಲ್ಲಿ ದಿನ ತುಂಬಿದ ಗಬ್ಬದ ಎಮ್ಮೆಯಿದೆ. ಆದರೆ ಎದುರಿಗೆ ದಿಲೀಪ ಹಲ್ಲು ಕಿಸಿದು ಕೂತಿದ್ದ. ಮುಟ್ಟಿದೆ. "ಅಣ್ಣ-ತಂಗಿದೇ" ಎಂದುಬಿಟ್ಟೆ. ದಿಲೀಪನ ಸರದಿ ಬಂದಾಗ ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದ. "ನಂಗ ಬಸ್ಸಿಗಿ ಹೊತ್ತಾತು!"

ಬೈಕಿನಲ್ಲಿ ಬರುವಾಗ ಬಾಯಿ ತಾನಾಗಿಯೇ ಏನೋ ಗುನುಗುತ್ತಿತ್ತು. ಕಿವಿಗೊಟ್ಟರೆ, ಹಾವಿನ ಸಿನಿಮಾದ ಹಾಡು! ಮನೆ ಮುಂದೆ ಬೈಕ್ ನಿಲ್ಲಿಸಿ ನೇರ ಕೊಟ್ಟಿಗೆಗೆ ಓಡಿದೆ.

ಹೆಂಡತಿ ಅಲ್ಲೇ ನಿಂತಿದ್ದಳು. "ಮಧ್ಯಾಹ್ನದಿಂದ ಎಮ್ಮಿ ಮೇವ ಮುಟ್ಟಿಲ್ರೀ."

ಈಗ ಅದರ ಮುಂದೆಯೇ ಕೂತು ಇದನ್ನು ಬರೆಯುತ್ತಿದ್ದೇನೆ. ಮಾಳಪ್ಪನಿಗೆ ಫೋನ್ ಮಾಡಿ ಮೆಲ್ಲಗೆ ಕೇಳಿದೆ, "ಎರಡೂ ಸಿನಿಮಾಕ್ಕ ಕೂಡಿಸಿ ಮೊದಲ ನಂಬರ್ ಕೊಟ್ರ ಬೀರಪ್ಪಗ ನಡಿತದೇನೋ?"

ಅವನು ನಗಲಿಲ್ಲ.

"ಕೇಳಿ ಹೇಳ್ತೀನಿ" ಎಂದ.