ಮೂರು ಎಣಿಸುವುದರೊಳಗೆ

ಸರಸಂಬಾದ ಭೀಮಶಾ ಆರೂವರೆ ಅಡಿ ಎತ್ತರದ ಆಳು. ಹತ್ತು ವರ್ಷದವನಿದ್ದಾಗಲೇ ತಾಯಿ ನಿಂಬೆವ್ವ ಅವನನ್ನು ಜೋಳದ ಹೊಲದ ಅಟ್ಟಣಿಗೆ ಹತ್ತಿಸಿ ಕೈಗೆ ಕವಣೆ ಕೊಟ್ಟಿದ್ದಳು. ತೆನೆಯಲ್ಲಿ ಹಾಲು ತುಂಬಿದ ಕಾಲಕ್ಕೆ ಗಿಣಿಗಳು ಹಿಂಡುಗಟ್ಟಿ ಬರುತ್ತವೆ. ಮೊದಲ ದಿನವೇ ಅವನು ಒಂದು ಗಿಣಿಯ ಬೆನ್ನು ಹತ್ತಿ ಬದುವಿನವರೆಗೆ ಓಡಿದ. ತಿರುಗಿ ನೋಡಿದರೆ ಮಿಕ್ಕವೆಲ್ಲ ನಡುಹೊಲದಲ್ಲಿ ಆರಾಮ ಕುಳಿತು ತಿನ್ನುತ್ತಿದ್ದವು.

“ಒಂದ್ ಹಕ್ಕಿ ಬೆನ್ನ ಹತ್ತಬ್ಯಾಡೋ ಭೀಮ್ಯಾ,” ಎಂದಿದ್ದಳು ನಿಂಬೆವ್ವ. “ನೀ ಹೊಲಾ ಕಾಯಾಂವ. ಅಟ್ಟಣಿಗಿ ಬಿಟ್ಟ್ ಇಳಿಬ್ಯಾಡ.”

ಆ ಮಾತು ಅವನ ಮೈಗೆ ಹತ್ತಿಬಿಟ್ಟಿತು. ಮುಂದೆ ಆಳಂದದ ಮೈದಾನದಲ್ಲಿ ಬ್ಯಾಸ್ಕೆಟ್‌ಬಾಲ್ ಆಡತೊಡಗಿದಾಗಲೂ ಅವನು ಮಾಡಿದ್ದು ಅದನ್ನೇ. ಯಾರ ಹಿಂದೆಯೂ ಓಡದೆ ರಿಂಗಿನ ಕೆಳಗೆ ಎರಡೂ ಕೈ ಎತ್ತಿ ನಿಲ್ಲುತ್ತಿದ್ದ. ಎದುರಾಳಿಗಳು ಬಂದು ಬಂದು ಅವನ ಅಂಗೈಗೆ ಚೆಂಡು ಬಡಿದು ಹೋಗುತ್ತಿದ್ದರು. ಹದಿನೈದು ವರ್ಷ ಅವನ ಹೆಸರು, ಅವನ ಮಾನ ಎರಡೂ ಆ ನಿಲುವಿನಲ್ಲೇ ಇದ್ದವು.

ಈಗ ಹಣ ಕೊಟ್ಟು ಆಡಿಸುವ ಲೀಗು ಬಂದಿದೆ. ಅಫಜಲಪುರದ ತಂಡ ಭೀಮಶಾನನ್ನು ಒಂದು ವರ್ಷಕ್ಕೆ ತೆಗೆದುಕೊಂಡಿತು. ಆದರೆ ಲೀಗಿನವರು ಹೊರದೇಶದ ದೊಡ್ಡ ಆಟದಿಂದ ಒಂದು ನಿಯಮವನ್ನೂ ಎತ್ತಿಕೊಂಡು ಬಂದರು. ರಿಂಗಿನ ಮುಂದೆ ಬಣ್ಣ ಬಳಿದ ಚೌಕವಿದೆಯಲ್ಲ, ಅದರೊಳಗೆ ಕಾಯುವವನು ಒಬ್ಬ ಎದುರಾಳಿಗೆ ಕೈಯಳತೆಯಲ್ಲಿ ಅಂಟಿಕೊಂಡಿರಬೇಕು. ಒಮ್ಮೆಯೂ ಹೊರಗೆ ಕಾಲಿಡದೆ ಸುಮ್ಮನೆ ಜಾಗ ಕಾಯುತ್ತ ಮೂರು ಸೆಕೆಂಡು ದಾಟಿದರೆ ಸೀಟಿ. ಎದುರಿನವರಿಗೆ ಒಂದು ಪುಕ್ಕಟೆ ಎಸೆತ, ಮೇಲೆ ಚೆಂಡೂ ಅವರದೇ. ಯಾಕಪ್ಪ ಎಂದರೆ, ರಿಂಗಿಗೆ ಗೋಡೆ ಕಟ್ಟಿ ನಿಂತರೆ ನೋಡುವವರಿಗೆ ಬೇಸರವಂತೆ. ಇದನ್ನು ಮಾಡಿದ ಪುಣ್ಯಾತ್ಮರು ಒಂದು ದಿನವೂ ಹೊಲ ಕಾದವರಲ್ಲ ಬಿಡಿ.

ಮೂವತ್ತಾರರ ಭೀಮಶಾನಿಗೆ ಎಡ ಮೊಣಕಾಲು ಸವೆದಿತ್ತು. ನಿಲ್ಲು ಎಂದರೆ ದಿನವಿಡೀ ನಿಂತಾನು. ಹೊರಗೆ ಕಾಲಿಟ್ಟು ಮತ್ತೆ ಒಳಗೆ ತಿರುಗು ಎಂದರೆ ಜೀವ ಬಾಯಿಗೆ ಬರುತ್ತಿತ್ತು. ನಿಂತರೆ ಸೀಟಿ, ಸರಿದರೆ ನೋವು. ಆ ಚೌಕದೊಳಗೆ ಅವನಿಗೆ ಉಸಿರು ಕಟ್ಟತೊಡಗಿತು. ಊಟಕ್ಕೆ ಕುಳಿತಾಗಲೂ ಒಂದು, ಎರಡು ಎಂದು ಒಳಗೊಳಗೇ ಎಣಿಸುತ್ತಿದ್ದ.

ಕಡೆಯ ಪಂದ್ಯ ಜೇವರ್ಗಿಯ ತಂಡದ ಮೇಲೆ. ಈ ಆಟ ನೋಡಿಯೇ ಅವನನ್ನು ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನಿಸುತ್ತೇವೆ ಎಂದು ಮಾಲೀಕರು ಹೇಳಿಯಾಗಿತ್ತು. ಮೊದಲರ್ಧದಲ್ಲೇ ಅವನ ಮೇಲೆ ಎರಡು ಸೀಟಿ ಬಿದ್ದವು. ಕೋಚ್ ಕರೀಮಸಾಬ ಹತ್ತಿರ ಕರೆದ.

“ಇಲ್ಲಿ ಜಾಗಾ ಕಾಯಂಗಿಲ್ಲಪಾ, ಮನಶ್ಯಾನ್ನ ಕಾಯಬೇಕು. ಎರಡು ಎಣಿಸಿದಿ, ಹೊರಗ ಕಾಲಿಟ್ಟಿ. ಇನ್ನೊಂದು ಸೀಟಿ ಬಿತ್ತಂದ್ರ ನಿನ್ನ ಹೆಸರು ನಾನೇ ತೆಗಿತೇನಿ.”

“ಹೌದ್ರಿ ಸರ್,” ಎಂದ ಭೀಮಶಾ.

ಕೊನೆಯ ಎಂಟು ಸೆಕೆಂಡು. ಅಫಜಲಪುರ ಒಂದೇ ಅಂಕ ಮುಂದೆ. ಚೆಂಡು ಜೇವರ್ಗಿಯ ಅಲ್ತಾಫನ ಕೈಯಲ್ಲಿ. ಅವನು ಚೌಕದಿಂದ ದೂರ ಚೆಂಡು ಪುಟಿಸುತ್ತ ನಿಂತಿದ್ದ. ಅವನ ಕಣ್ಣು ರಿಂಗಿನ ಮೇಲಿರಲಿಲ್ಲ, ಭೀಮಶಾನ ಪಾದದ ಮೇಲಿತ್ತು. ಅವನೂ ಎಣಿಸುತ್ತಿದ್ದ. ಭೀಮಶಾನಿಗೆ ಅದು ಗೊತ್ತಾಯಿತು.

ಒಂದು. ಇಲ್ಲೇ ನಿಲ್ಲು ಎಂದಿತು ಮೈ. ಎರಡು. ಹೆಸರು ಹೋಗುತ್ತದೆ ಎಂದಿತು ಮನಸ್ಸು. ಅವನು ಹೊರಗೆ ಕಾಲಿಟ್ಟ.

ಅಲ್ತಾಫ ನುಗ್ಗಿದ. ಭೀಮಶಾ ತಿರುಗಬೇಕೆಂದ, ಮೊಣಕಾಲು ಮಾತು ಕೇಳಲಿಲ್ಲ. ಚೆಂಡು ಬಲೆಯೊಳಗೆ ಇಳಿಯಿತು, ಆಟ ಮುಗಿಯಿತು.

ಕರೀಮಸಾಬ ಟವೆಲ್ ನೆಲಕ್ಕೆ ಬಡಿದ. “ಅಲ್ಲಲೇ, ಅಲ್ಲೇ ನಿಂತಿದ್ರ ತಡೀತಿದ್ದಿ. ಯಾಕ ಹೊರಗ ಬಂದಿ?”

ಭೀಮಶಾ ಅವನ ಮುಖವನ್ನೇ ನೋಡಿದ. ಬಿದ್ದ ಟವೆಲ್ ದಾಟಿಕೊಂಡು ಹೊರಗೆ ನಡೆದ. ಎರಡು ದಿನಕ್ಕೆ ಮುಂದಿನ ವರ್ಷದ ಪಟ್ಟಿ ಬಂತು. ಅವನ ಹೆಸರಿರಲಿಲ್ಲ.

ಸರಸಂಬಾಕ್ಕೆ ಬಂದಾಗ ನಿಂಬೆವ್ವ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದ ಮನೆಯವರ ಮೊಬೈಲಿನಲ್ಲಿ ಪಂದ್ಯವನ್ನು ಪೂರ್ತಿ ನೋಡಿದ್ದಳು. ಹಿಟ್ಟಿನ ಕೈಯಲ್ಲೇ ಮಗನ ಮುಖ ನೋಡಿ ಕೇಳಿದಳು: “ಅಟ್ಟಣಿಗಿ ಬಿಟ್ಟ್ ಯಾಕ್ ಇಳದಿ, ಭೀಮ್ಯಾ?”

ನಿಯಮ ವಿವರಿಸಬೇಕೆಂದು ಬಾಯಿ ತೆರೆದ. ಮೂರು ಸೆಕೆಂಡು, ಕೈಯಳತೆ, ಪುಕ್ಕಟೆ ಎಸೆತ... ಅದನ್ನೆಲ್ಲ ಅಲ್ಲೇ ಬಿಟ್ಟ.

“ನಿಂದ್ರಾಕ ಬಿಡ್ಲಿಲ್ಲ ಯವ್ವಾ,” ಎಂದ ಆ ಆರೂವರೆ ಅಡಿಯ ಮನುಷ್ಯ, ಒಲೆಯ ಮುಂದೆ ಕುಳಿತು ಅತ್ತ.