ಮೊದಲ ಪುಟದ ಗುರಿ

ಆ ಶನಿವಾರ ನಮ್ಮ ಬಯಾಲಜಿ ಮೇಡಂ ದ್ವಿತೀಯ ಪಿಯುಸಿಯವರಿಂದ ರೆಕಾರ್ಡ್ ಪುಸ್ತಕದ ಮೊದಲ ಪುಟದಲ್ಲಿ ವರ್ಷದ ಗುರಿ ಬರೆಸಿದರು. ಅದು ಒಪ್ಪಿಗೆಯಾದರೆ ಮಾತ್ರ ಅವರ ಹಸಿರು ಇಂಕಿನ ಸಹಿ. ನಾನು ‘ಪಾಸಾಗುವುದು’ ಎಂದು ಬರೆದಿದ್ದೆ.

“ಅಷ್ಟೇ ಸಾಕು ಅಂತ ಯಾರವ್ವ ಅಂದೋರು?” ಎಲ್ಲರನ್ನೂ ಅವರು ಕೇಳುತ್ತಿದ್ದ ಪ್ರಶ್ನೆ ಅದು.

“ನಮ್ಮಪ್ಪ, ಮೇಡಂ. ಹಾರೋಹಳ್ಳಿ ಫ್ಯಾಕ್ಟ್ರಿ ಕೆಲ್ಸಕ್ಕೆ ಪಾಸಾದ್ರೆ ಸಾಕಂತೆ.”

“ರೇಷ್ಮೆ ಹುಳ ಸಾಕೋ ಮನೆಯೋಳು ನೀನು. ನಾಲ್ಕು ಸಲ ಪೊರೆ ಬಿಟ್ಟು, ನಾಲ್ಕು ಜ್ವರ ಎದ್ಮೇಲೆ ತಾನೇ ಹುಳ ಗೂಡು ಕಟ್ಟೋದು? ಒಂದಕ್ಕೇ ಸಾಕು ಅಂತದಾ? ಹೊಡ್ದಾಕು. ಸೋಮವಾರ ಬೇರೆ ಬರ್ಕೊಂಡು ಬಾ.”

ಭಾನುವಾರ ಮೇಡಂ ಅವರ ಹೃದಯ ನಿಂತುಹೋಯಿತು.

ಅಪ್ಪ ಕೂಗಾಡಿದರೂ ‘ಹುಳದ ರೋಗಗಳನ್ನು ಓದಿ ಕಲಿಯುವುದು’ ಎಂದು ಬರೆದೆ. ಹೊಸ ಮೇಷ್ಟ್ರು ಸಹಿ ಹಾಕಲು ಬಂದಾಗ ಪುಸ್ತಕ ಮುಚ್ಚಿಕೊಂಡೆ. ಅವರು ಬೈದರೂ ನಾನು ಕೊಡಲಿಲ್ಲ. ಈಗ ಊರೂರಿನ ಹುಳ ಸಾಕುವ ಮನೆಗಳಲ್ಲಿ ರೋಗ ಪತ್ತೆಮಾಡುವುದೇ ನನ್ನ ಕೆಲಸ.

ಆ ಪುಟದಲ್ಲಿ ಹಸಿರು ಸಹಿ ಇಲ್ಲ.