ಸ್ವೀಡನ್ನಿನ ಅರಸನ ತಾಳಮದ್ದಳೆ

ಮೂವತ್ತರ ದಶಕದ ಮೊದಲ ವರ್ಷಗಳು. ಕರನಿರಾಕರಣೆ ನಡೆದಿತ್ತು. ಯಲ್ಲಾಪುರದಲ್ಲಿ ಸಭೆ ಸೇರಬಾರದೆಂದು ಹುಕುಂ ಇತ್ತು. ತಾಳಮದ್ದಳೆಗೆ ಅಡ್ಡಿ ಇರಲಿಲ್ಲ. ವೇಷವಿಲ್ಲದೆ ಕುಳಿತು, ಭಾಗವತರು ಹಾಡಿದ ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುವುದನ್ನು ಅಧಿಕಾರಿಗಳು ದೇವರ ಕೆಲಸವೆಂದೇ ತಿಳಿದಿದ್ದರು.

ಊರಿನ ವಕೀಲರೊಬ್ಬರು ಇಂಗ್ಲಿಷ್ ಪುಸ್ತಕದಲ್ಲಿ ಸ್ವೀಡನ್ನಿನ ಕಥೆ ಓದಿದ್ದರು. ೧೮೦೯ರಲ್ಲಿ ಯುದ್ಧ ಸೋತ ಅರಸನನ್ನು ಅವನ ಸೇನಾಧಿಕಾರಿಗಳೇ ಅರಮನೆಯಲ್ಲಿ ಸೆರೆಹಿಡಿದರು. ಅವನು ಸಿಂಹಾಸನ ಬಿಟ್ಟ, ಚಿಕ್ಕಪ್ಪ ಪಟ್ಟಕ್ಕೆ ಬಂದ, ಅರಸನ ಅಧಿಕಾರಕ್ಕೆ ಮಿತಿ ಹಾಕುವ ಹೊಸ ಕಾಯಿದೆ ಬಂತು. ಭಾಗವತರು ಇದಕ್ಕೆ ಪದ್ಯ ಕಟ್ಟಿದರು. ಸಿಂಹಾಸನ ಇಳಿಯುವುದನ್ನು ಕೇಳಲು ಜನರಿಗೆ ಆಸೆಯಿತ್ತು. ಯಾವ ಸಿಂಹಾಸನ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಅರಸನ ಪಾತ್ರದ ಅರ್ಥ ನನ್ನ ಅಣ್ಣನಿಗೆ ಬಂತು. ಅವನು ಸರ್ಕಾರಿ ಶಾಲೆಯ ಮಾಸ್ತರ. ಚಳವಳಿಯ ಸೋಂಕು ಕಂಡರೂ ನೌಕರಿ ಹೋಗುತ್ತದೆಂದು ಆಗಲೇ ತಾಕೀತು ಬಂದಿತ್ತು. ಅತ್ತಿಗೆ ಬೇಡವೆಂದರು. ಅಣ್ಣ ಮಾತು ಕೊಟ್ಟುಬಿಟ್ಟಿದ್ದ.

ಭಾನುವಾರ ಮಧ್ಯಾಹ್ನ ಜವಳಿ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಜನ ಸೇರಿದರು. ನಾನಾಗ ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ, ಗೋಡೆಗೊರಗಿ ಕುಳಿತಿದ್ದೆ. ಎರಡನೆಯ ಪದ್ಯಕ್ಕೆ ಪೊಲೀಸ್ ಫೌಜದಾರರು ಬಂದು ಅಂಗಡಿಯವರು ಹಾಕಿದ ಕುರ್ಚಿಯಲ್ಲಿ ಕುಳಿತರು. ಅಣ್ಣ ಅವರನ್ನು ನೋಡಿದ.

ವಕೀಲರು ಸೇನಾಧಿಕಾರಿಯ ಅರ್ಥಕ್ಕೆ ಕುಳಿತಿದ್ದರು. ಯುದ್ಧ ಸೋತ ಹೇಡಿಗೆ ಕಿರೀಟವೇಕೆ ಎಂದು ಚುಚ್ಚಿದರು. ಅಲ್ಲಿಗೆ ಅಣ್ಣ ನೆಟ್ಟಗೆ ಕುಳಿತ.

"ಕತ್ತಿ ಹಿಡಿದವನು ನೀನು. ಬೆನ್ನು ತೋರಿಸಿ ಓಡಿಬಂದವನೂ ನೀನು. ಸೋತ ಸೇನಾಪತಿ ಗೆದ್ದ ಒಂದೇ ಕೋಟೆ ತನ್ನ ಒಡೆಯನ ಮಲಗುವ ಕೋಣೆ. ಇದಕ್ಕೆ ಬಿರುದು ಏನು ಕೊಡಲಿ?"

ಜನ ನಕ್ಕರು. ಭಾಗವತರು ಅರಸ ಕಿರೀಟ ಒಪ್ಪಿಸುವ ಪದ್ಯ ಎತ್ತಿಕೊಂಡರು. ಅಣ್ಣ ಅದಕ್ಕೂ ಬೇರೆ ಅರ್ಥ ಹಚ್ಚಿದ. ಪದ್ಯ ಇನ್ನೊಮ್ಮೆ ಬಂತು. ಅರಸ ಆಗಲೂ ಇಳಿಯಲಿಲ್ಲ. ಭಾಗವತರು ಬೇಸತ್ತು ಪ್ರಸಂಗ ಮುಗಿಸುವ ಮಂಗಳ ಹಾಡಿದರು.

"ಮಳ್ಳು ಹಿಡದ್ದನ ನಿಂಗೆ? ರಾಜ್ಯ ಬಿಡದೇ ಮಂಗಳ ಎಂತಕ್ಕೆ ಹಾಡ್ಸಿದ್ದೆ?" ಎಂದು ಅವರೇ ಅಣ್ಣನನ್ನು ಬೈದರು.

ಫೌಜದಾರರು ಎದ್ದು ಬಂದರು. "ಮಾಸ್ತರ, ನಿಮ್ಮ ಅರಸ ಗಟ್ಟಿ ಮನಿಷಾ ಇದ್ದಾನ್ರಿ. ನಾ ವರದಿಯಾಗ ಬ್ಯಾರೆ ಏನರೆ ಬರೀಬೇಕಾಗ್ತದ ಅಂತ ಬಂದಿದ್ದೆ."

ವಕೀಲರಿಗೆ ತಡೆಯಲಾಗಲಿಲ್ಲ. "ಸಾಹೇಬರೇ, ಇತಿಹಾಸದಲ್ಲಿ ಅವ ಇಳಿದಿದ್ದಾನೆ."

"ಇಳಿದಿರಬಹುದ್ರಿ. ಯಲ್ಲಾಪುರದಾಗ ಇಳೀಲಿಲ್ಲಲ್ಲ. ನಾ ಕೇಳಿದ್ದಷ್ಟ ಬರೀತೀನಿ."

ಅವರ ಬೂಟಿನ ಸದ್ದು ಬೀದಿಗಿಳಿದ ಮೇಲೆ ನಾವೂ ಮನೆಗೆ ಹೊರಟೆವು. ದಾರಿಯಲ್ಲಿ ಅಣ್ಣನನ್ನು ಕೇಳಿದೆ, ಫೌಜದಾರರನ್ನು ಕಂಡು ಹೀಗೆ ಮಾಡಿದೆಯಾ ಎಂದು.

"ಇಲ್ಲೆ ತಮಾ. ಆನು ಸೋಲವು ಹೇಳೇ ಕೂತಿದ್ದಿ. ಅವ ಹೇಡಿ ಹೇಳಿದ ಮೇಲೆ ಸುಮ್ನಿಪ್ಲೆ ಆಜಿಲ್ಲೆ."

ಸೋಲಲೆಂದೇ ಕುಳಿತವನಿಗೆ ಹೇಡಿ ಎನಿಸಿಕೊಂಡು ಸುಮ್ಮನಿರಲಾಗಲಿಲ್ಲವೆಂದರೆ ನನಗೆ ಆಶ್ಚರ್ಯವಾಗಲಿಲ್ಲ. ಅರ್ಥಕ್ಕೆ ಕುಳಿತ ಮೇಲೆ ಇದಿರಾಳಿಗೆ ಸೋತು ಎದ್ದವರು ನಮ್ಮಲ್ಲಿ ಕಡಿಮೆ.

ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು. ಪ್ರಸಂಗ ಹೇಗಾಯಿತೆಂದು ಕೇಳಲಿಲ್ಲ.

"ನೌಕರಿ?"

"ಇದ್ದು."

"ಹಂಗಾರೆ ಕೈಕಾಲು ತೊಳ್ಕಂಡು ಬನ್ನಿ," ಎಂದು ಒಳಗೆ ಹೋದರು. ಬೆಳಗಿನಿಂದ ಅವರು ಏನೂ ತಿಂದಿರಲಿಲ್ಲವೆಂದು ಊಟದ ಎಲೆಯ ಮುಂದೆ ಕುಳಿತಾಗ ನಮಗೆ ತಿಳಿಯಿತು.